ಗುರುಬಾಯಿಯ ಬಾಕಿ ಸವಾರಿ

ಗುರುಬಾಯಿಗೆ ಜಹೀರಾಬಾದಿನ ತನಕ ಒಂದು ಕಾರು ಸವಾರಿ ಇನ್ನೂ ಬಾಕಿ ಇದೆ. ಬಾಕಿ ಉಳಿಸಿಕೊಂಡವರು ಬೇರೆ ಯಾರೂ ಅಲ್ಲ, ಆಕೆಯ ಕೈಹಿಡಿದ ಗಂಡ, ಕಾರ್ಖಾನೆಯ ಕಾರ್ಮಿಕ ಸಂಘದ ಮಾಜಿ ಪ್ರಧಾನ ಕಾರ್ಯದರ್ಶಿ ಶ್ರೀಮಾನ್ ಅಮರೇಶಪ್ಪನವರು. ಕಾರ್ಮಿಕರಿಗೆ ಬರಬೇಕಾದ್ದು ಒಂದು ದಿನ ತಡವಾದರೆ ಕಾರ್ಖಾನೆಯ ಗೇಟಿನ ಮುಂದೆ ಅಡ್ಡ ಮಲಗುತ್ತಿದ್ದ ಮನುಷ್ಯ, ಹೆಂಡತಿಗೆ ಬರಬೇಕಾದ್ದರ ಮಾತು ಬಂದರೆ ಮಾತ್ರ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಅದೂ ತಲೆಕೆಳಗಾಗಿ.

ಅಮರೇಶಪ್ಪನವರು ರಾಯಚೂರು ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದು ಕೇಂದ್ರ ಸರ್ಕಾರದ ಕಾರ್ಖಾನೆ ಸೇರಿ, ಮೀಸೆ ನೆರೆಯುವ ಹೊತ್ತಿಗೆ ಲಿಂಗಂಪಲ್ಲಿ ಹತ್ತಿರ ಒಂದು ಮನೆ ಮಾಡಿಕೊಂಡು ನಿವೃತ್ತರಾದರು. ನಡುವಿನ ಆಯುಷ್ಯವೆಲ್ಲ ಭಾಷಣಕ್ಕೆ ಹೋಯಿತು. ಏನು ಭಾಷಣ ಅಂತೀರಿ! ಗೇಟಿನ ಮುಂದೆ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತರೆಂದರೆ ಕನ್ನಡ, ತೆಲುಗು, ಉರ್ದು ಮೂರೂ ಭಾಷೆ ಒಂದೇ ಉಸಿರಿನಲ್ಲಿ ಹರಿಯುತ್ತಿದ್ದವು. ಒಂದೊಂದು ಮಾತಿಗೂ ಬಲಗಾಲು ಪೆಟ್ಟಿಗೆಯ ಮೇಲೆ ಧಪ್ ಎಂದು ಬೀಳುತ್ತಿತ್ತು. "ಆಡಳಿತ ಮಂಡಳಿ" ಧಪ್, "ಕಿವಿ ತೆರೆದು" ಧಪ್, "ಕೇಳಬೇಕು" ಧಪ್ ಧಪ್. ಒಂದು ಮುಷ್ಕರದಲ್ಲಿ ಪೆಟ್ಟಿಗೆಯ ಹಲಗೆಯೇ ಮುರಿದು ಮೊಣಕಾಲಿನ ತನಕ ಒಳಗೆ ಇಳಿದರು. ಭಾಷಣ ಮಾತ್ರ ನಿಲ್ಲಲಿಲ್ಲ. ಆಮೇಲಿಂದ ಸಂಘದವರು ಕಬ್ಬಿಣದ ಪೆಟ್ಟಿಗೆ ತಂದಿಟ್ಟರು. ಅದರ ಸದ್ದು ಕ್ಯಾಂಟೀನಿನ ಒಳಗೂ ಕೇಳುತ್ತಿತ್ತು. (ಇಡ್ಲಿ ತಿನ್ನುತ್ತ ಕೂತವರು ಸದ್ದಿನ ಬಿರುಸು ನೋಡಿಯೇ ಮುಷ್ಕರ ಇವತ್ತೋ ನಾಳೆಯೋ ಎಂದು ಲೆಕ್ಕ ಹಾಕುತ್ತಿದ್ದರು.)

ಅಷ್ಟೂ ವರ್ಷ ಗುರುಬಾಯಿ ಓಡಾಡಿದ್ದು ಬಸ್ಸಿನಲ್ಲಿ. ನಿವೃತ್ತಿಯ ದಿನ ಅಮರೇಶಪ್ಪನವರು ಸಭೆಯಲ್ಲಿ ಎಲ್ಲರ ಮುಂದೆ ಘೋಷಿಸಿದರು: "ನನ್ನ ಹೋರಾಟದ ಅರ್ಧ ಭಾರ ಹೊತ್ತಾಕಿ ನನ್ನ ಹೆಂಡ್ತಿ. ಇನ್ನ ಆಕಿ ನೆಲದ ಮ್ಯಾಲೆ ನಡ್ಯೂದಿಲ್ಲ!" ಚಪ್ಪಾಳೆ ಬಿತ್ತು. ಮುಂದಿನ ವಾರ ಒಂದು ಹಳೆಯ ಫಿಯೆಟ್ ಕಾರು ಮನೆಯ ಮುಂದೆ ಬಂದು ನಿಂತಿತು. ಅದು ಯಾರದೆಂದುಕೊಂಡಿರಿ? ಕಾರ್ಖಾನೆಯ ಹಿಂದಿನ ಪರ್ಸನೆಲ್ ಮ್ಯಾನೇಜರರದು. ಯಾವ ಮ್ಯಾನೇಜರರ ಹುಲ್ಲಿನ ಬೊಂಬೆಗೆ ಅಮರೇಶಪ್ಪನವರು ಸ್ವಹಸ್ತದಿಂದ ಬೆಂಕಿ ಇಟ್ಟಿದ್ದರೋ, ಅವರದೇ ಕಾರು.

"ವೈರಿ ಆಸ್ತಿ ವಶ ಮಾಡ್ಕೊಂಡೀನಿ," ಎಂದು ಮೀಸೆ ತಿರುವಿದರು.

"ವೈರಿ ಸೀಟಿನ್ಯಾಗ ಬುರುಗು ಹೊರಗ ಬಂದೈತ್ರಿ," ಎಂದಳು ಗುರುಬಾಯಿ.

ಕಾರು ಓಡುವುದೇನೋ ಓಡುತ್ತಿತ್ತು. ಓಡುವಾಗ ಒಂದಿಷ್ಟು ಕುಲುಕುತ್ತಿತ್ತು. ಆ ತಪ್ಪನ್ನು ನಗರಪಾಲಿಕೆಯ ರಸ್ತೆಗುಂಡಿಗಳ ತಲೆಗೆ ಕಟ್ಟಲಾಗಿತ್ತು. ತೊಂದರೆಯಿದ್ದದ್ದು ನಿಂತಾಗ. ಗೇರು ತೆಗೆದು ನಿಲ್ಲಿಸಿದ ಗಾಡಿಯ ಎಂಜಿನ್ ತನ್ನಷ್ಟಕ್ಕೆ ಒಂದೇ ಸಮನೆ ಗುನುಗುತ್ತ ಇರಬೇಕಲ್ಲ, ಅದಕ್ಕೆ ಮೆಕ್ಯಾನಿಕ್ಕುಗಳು ಐಡ್ಲಿಂಗ್ ಅನ್ನುತ್ತಾರೆ. ಇದರ ಐಡ್ಲಿಂಗಿಗೆ ನೀತಿ ನಿಯಮ ಒಂದೂ ಇರಲಿಲ್ಲ. ಗುರ್ ಎಂದು ಮೆತ್ತಗಿರುವುದು, ಇದ್ದಕ್ಕಿದ್ದಂತೆ ಘೂಂ ಎಂದು ಏರುವುದು, ಕುಸಿಯುವುದು, ಮತ್ತೆ ಘೂಂ ಘೂಂ. ಕುಕಟ್‌ಪಲ್ಲಿಯ ಸಿಗ್ನಲ್ಲಿನಲ್ಲಿ ಅಮರೇಶಪ್ಪನವರು ಕೇಂದ್ರ ಸರ್ಕಾರದ ಕೈಗಾರಿಕಾ ನೀತಿಯನ್ನು ಗುರುಬಾಯಿಗೆ ಬಿಡಿಸಿ ಹೇಳುತ್ತಿದ್ದಾಗ ಎಂಜಿನ್ ಹೇಗೆ ಅಬ್ಬರಿಸಿತೆಂದರೆ, ಇವರು ಸಿಗ್ನಲ್ ಮುರಿದು ಓಡುತ್ತಾರೆಂದು ಟ್ರಾಫಿಕ್ ಪೊಲೀಸಿನವನು ಸೀಟಿ ಊದಿಕೊಂಡು ಬಂದು ಕಾರಿನ ಮುಂದೆ ಅಡ್ಡ ನಿಂತ.

"ರೀ, ನಿಮ್ಮ..." ಎಂದು ಗುರುಬಾಯಿ ಬಾಯಿ ತೆರೆದಳು.

"ತಡಿ, ನಾ ಮುಗಸ್ತೀನಿ," ಎಂದರು ಅಮರೇಶಪ್ಪ.

ಇದು ಆ ಮನೆಯ ರಾಷ್ಟ್ರಗೀತೆ. ಗುರುಬಾಯಿ ಮದುವೆಯಾಗಿ ಬಂದಾಗಿನಿಂದ ಎಷ್ಟು ಮಾತು ಶುರು ಮಾಡಿದ್ದಾಳೋ ಅಷ್ಟು ಸಲ "ತಡಿ, ನಾ ಮುಗಸ್ತೀನಿ" ಕೇಳಿದ್ದಾಳೆ. ತಡೆದಿದ್ದಾಳೆ. ಅವರು ಮುಗಿಸುವ ಹೊತ್ತಿಗೆ ಒಲೆಯ ಮೇಲಿನ ಬೇಳೆ ಸೀದಿರುತ್ತಿತ್ತು, ಇಲ್ಲವೇ ಬಾಗಿಲಲ್ಲಿ ನಾಲ್ಕು ಜನ ಕಾಮ್ರೇಡುಗಳು ಚಪ್ಪಲಿ ಬಿಡುತ್ತಿರುತ್ತಿದ್ದರು. ಚಹಾ ಇಡುವ ಗಡಿಬಿಡಿಯಲ್ಲಿ ಆಕೆಯ ಮಾತು ಅರ್ಧಕ್ಕೇ ಉಳಿಯುತ್ತಿತ್ತು.

ಮೆಕ್ಯಾನಿಕ್ ಖಾಜಾನನ್ನು ಕರೆಸಿದರು. ಅವನು ಬಂದ, ಬಾನೆಟ್ ಎತ್ತಿದ, ಒಳಗೆ ಕೂತು ಸ್ಟಾರ್ಟ್ ಮಾಡಿ ಬೀಡಿ ಹಚ್ಚಿದ. ಎಂಜಿನ್ ಹಾಲುಂಡ ಕೂಸಿನ ಹಾಗೆ ಸುಮ್ಮನೆ ಗುನುಗುತ್ತಿತ್ತು. ಬೀಡಿ ಮುಗಿಯಿತು. ಗುನುಗು ಹಾಗೇ ಇತ್ತು.

"ಗಾಡಿ ಬರಾಬರ್ ಹೈ ಸಾಬ್."

"ಹ್ಯಾಂಗ ಬರಾಬರ್? ಇಳಿ ನೀ." ಅಮರೇಶಪ್ಪನವರು ತಾವೇ ಕೂತರು. ಕಿಟಕಿಯಿಂದ ಕತ್ತು ಹೊರಹಾಕಿ, "ದೇಖೋ ಖಾಜಾ, ನಿನ್ನೆ ಏನಾತಂದ್ರ..." ಎನ್ನುವಷ್ಟರಲ್ಲಿ ಎಂಜಿನ್ ಘೂಂ ಎಂದಿತು. ಬಾನೆಟ್ಟಿನೊಳಗೆ ತಲೆಯಿಟ್ಟಿದ್ದ ಖಾಜಾ ಹಿಂದಕ್ಕೆ ಹಾರಿದ. ಕಾರ್ಬೊರೇಟರ್ ಬಿಚ್ಚಿ ತೊಳೆದ. ಪ್ಲಗ್ ಉಜ್ಜಿದ. ಅವನು ಕೂತರೆ ಗುನುಗು, ಇವರು ಕೂತರೆ ಗುಡುಗು. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಸಾಬ್, ಇಸ್ಕು ಹವಾ ಲಗ್‌ಗಯೀ. ದರ್ಗಾಕು ಲೇಕೆ ಜಾವೊ," ಎಂದು ಸೈಕಲ್ ಹತ್ತಿದ.

ಕಾರಿಗೆ ಗಾಳಿ ಸೋಕಿದೆಯಂತೆ! ಎಲ್ಲ ಮೂಢನಂಬಿಕೆಗಳನ್ನೂ ಗೇಟಿನ ಮುಂದೆ ಸುಟ್ಟು ಬೂದಿ ಮಾಡಿದ್ದ ಅಮರೇಶಪ್ಪನವರು ಕುದ್ದುಹೋದರು. ಅವರ ವೈಜ್ಞಾನಿಕ ತೀರ್ಮಾನ ಬೇರೆಯೇ ಇತ್ತು: "ಈ ಎಂಜಿನ್ ಇನ್ನೂ ಹಳೆ ಮಾಲಕನ ಕಡೆ ಐತಿ. ಕಾರ್ಮಿಕನ ಕೈಯಾಗ ದುಡಿಯಂಗಿಲ್ಲ ಅಂತ ಹಟ ಹಿಡಿದೈತಿ."

ಗುರುಬಾಯಿ ಬಾಗಿಲಲ್ಲಿ ನಿಂತಿದ್ದಳು. "ಅಲ್ರೀ, ನೀವು ಕೂತಾಗಷ್ಟ ಯಾಕ ಹಂಗ ಆಕ್ಕೈತಿ ಅಂದ್ರ, ನಿಮ್ಮ..."

"ತಡಿ, ನಾ ಮುಗಸ್ತೀನಿ."

ಇಷ್ಟರಲ್ಲಿ ಜಹೀರಾಬಾದಿನಿಂದ ಕರೆ ಬಂತು. ಗುರುಬಾಯಿಯ ಅಕ್ಕ ಸಾವಿತ್ರಿಬಾಯಿ ಇರುವುದು ಅಲ್ಲಿ. ಆಕೆಯ ಮಗಳು ನೀಲಾ ಹೈದರಾಬಾದಿನಲ್ಲಿ ಕಾಲೇಜು ಓದಿದ್ದು ಗುರುಬಾಯಿಯ ಮನೆಯಲ್ಲಿದ್ದುಕೊಂಡು. ಗುರುಬಾಯಿಗೆ ಮಕ್ಕಳಿಲ್ಲ, ಆ ಹುಡುಗಿಯ ತಲೆ ಬಾಚಿ, ಬುತ್ತಿ ಕಟ್ಟಿ, ಜ್ವರ ಬಂದರೆ ಪಕ್ಕದಲ್ಲಿ ಮಲಗಿ ಬೆಳೆಸಿದಾಕೆ. ಅಮರೇಶಪ್ಪನವರು ಭಾಷಣಕ್ಕೆ ಊರೂರು ಸುತ್ತುವಾಗ ಆ ಮನೆಯಲ್ಲಿ ಗುರುಬಾಯಿ ಆಡಿದ ಮಾತನ್ನು ಕೊನೆಯತನಕ ಕೇಳಿಸಿಕೊಂಡ ಜೀವ ಅದೊಂದೇ. ಈಗ ನೀಲಾಗೆ ಏಳನೆಯ ತಿಂಗಳು. ಕುಬಸದ ಶಾಸ್ತ್ರ. "ಮೊದಲನೇ ಉಡಿ ನಮ್ಮ ಚಿಗವ್ವನೇ ತುಂಬಬೇಕು, ಆಕಿ ಬರೂತನಕ ನಾ ಮಣಿ ಮ್ಯಾಲೆ ಕುಂದ್ರಂಗಿಲ್ಲ," ಎಂದು ನೀಲಾ ಹಟ ಹಿಡಿದಿದ್ದಾಳೆಂದು ಸಾವಿತ್ರಿಬಾಯಿ ಹೇಳಿಕಳಿಸಿದ್ದಳು. ಜೊತೆಗೆ ಒಂದು ಎಚ್ಚರಿಕೆ: ಮಧ್ಯಾಹ್ನಕ್ಕೆ ಮೊದಲೇ ಆಗಬೇಕು, ಬೀಗರು ವೇಳೆಯ ವಿಷಯದಲ್ಲಿ ಭಾಳ ಬಿಗಿ.

ಗುರುಬಾಯಿ ಹಿಂದಿನ ದಿನದಿಂದಲೇ ಒಲೆಯ ಮುಂದೆ ಕೂತಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ, ಕರ್ಚಿಕಾಯಿ, ಮೊಸರನ್ನ. ಬಸುರಿಯ ಬಯಕೆಗೆ ಒಯ್ಯುವ ಬುತ್ತಿ ಎಂದರೆ ಸಾಮಾನ್ಯವಲ್ಲ. ಎಲ್ಲವನ್ನೂ ಬೆತ್ತದ ಬುಟ್ಟಿಯಲ್ಲಿ ಹೊಂದಿಸಿ, ಮೇಲೆ ಬಿಳಿ ಅರಿವೆ ಕಟ್ಟಿ, ಹಸಿರು ಸೀರೆ ಮತ್ತು ಹಸಿರು ಬಳೆ ಒಂದು ಚೀಲದಲ್ಲಿಟ್ಟು, ಬೆಳಿಗ್ಗೆ ತಾನೂ ಇಳಕಲ್ ಸೀರೆ ಉಟ್ಟು ಕಾರಿನ ಎಡಗಡೆ ಸೀಟಿನಲ್ಲಿ ಕೂತಳು. ಜೀವನದಲ್ಲಿ ಮೊದಲ ಸಲ ತವರಿನವರ ಬಾಗಿಲಿಗೆ ಕಾರಿನಲ್ಲಿ ಹೋಗಿ ಇಳಿಯುವವಳು. ಮುಖದ ಮೇಲೆ ಸಣ್ಣಗೆ ನಗೆಯಿತ್ತು.

ಅಮರೇಶಪ್ಪನವರು ಬಂದು ಕೂತು ಸ್ಟಾರ್ಟ್ ಮಾಡಿದರು. "ನೋಡ, ನಿನ್ನ ಅಕ್ಕನ ಮನಿ ಮುಂದ ಹಿಂಗ ಗಾಡಿ ನಿಂತಿತಂದ್ರ..." ಘೂಂ! ಘೂಂ ಘೂಂ!

ಮುಖ ಕಪ್ಪಿಟ್ಟಿತು. "ಇಲ್ಲ. ಇಂಥಾ ಗಾಡಿ ತಗೊಂಡು ಅಷ್ಟು ದೂರ ಹೋಗೂದು ಜವಾಬ್ದಾರಿ ಅಲ್ಲ. ಮೊದಲ ತುರ್ತು ಸಭೆ."

"ಸಭೆ ಆಮ್ಯಾಗ ಮಾಡ್ರಿ. ನೀಲಾ ಕಾಯಾಕತ್ತಿರ್ತಾಳ."

"ಐದು ಮಿನಿಟಿನ ಕೆಲಸ."

ಐದು ಮಿನಿಟಿನಲ್ಲಿ ಮುಗಿದ ಸಭೆಯನ್ನು ನೀವು ಕಂಡಿದ್ದೀರಾ? ನಾವಂತೂ ಕಂಡಿಲ್ಲ, ಅಂಥ ಸಭೆಗಳಲ್ಲೇ ನಮ್ಮ ಕೂದಲು ಹಣ್ಣಾದದ್ದು.

ಎಂಜಿನ್ ವಿಚಾರಣಾ ಸಮಿತಿಯಲ್ಲಿ ಇಬ್ಬರು ಸದಸ್ಯರು. ಒಬ್ಬರು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ ಗುರುಸಿದ್ದಪ್ಪ. ಜೀವಮಾನದಲ್ಲಿ ಸ್ಪ್ಯಾನರುಗಳನ್ನು ಎಣಿಸಿದ್ದರೇ ಹೊರತು ಒಂದನ್ನೂ ತಿರುಗಿಸಿದವರಲ್ಲ. ಇನ್ನೊಬ್ಬರು ಡಿಸೈನ್ ವಿಭಾಗದ ರಾಮಕೃಷ್ಣ, ತುಮಕೂರಿನವರು. ನಕ್ಷೆಯಿಲ್ಲದೆ ಲೋಟದ ನೀರನ್ನೂ ಕುಡಿಯದವರು. ಅಧ್ಯಕ್ಷರು ಡ್ರೈವರ್ ಸೀಟಿನಲ್ಲೇ ಆಸೀನರಾಗಿ, ಕಿಟಕಿಯಿಂದ ಕಲಾಪ ನಡೆಸಿದರು. ಸದಸ್ಯರು ಎತ್ತಿದ ಬಾನೆಟ್ಟಿನ ಆಚೆ. ಗುರುಬಾಯಿ ಎಡಸೀಟಿನಲ್ಲಿ, ತೊಡೆಯ ಮೇಲೆ ಬುತ್ತಿಯ ಬುಟ್ಟಿ.

"ಮಾನ್ಯರೇ," ಎಂದರು ಅಧ್ಯಕ್ಷರು. ಘೂಂ. "ಈ ಎಂಜಿನ್" ಘೂಂ "ದುಡಿಯುವ ವರ್ಗಕ್ಕೆ" ಘೂಂ "ದ್ರೋಹ ಬಗೀತಾ ಐತಿ!" ಘೂಂ ಘೂಂ.

"ಅಬಬಾ, ಎಂಥಾ ಹೊಡ್ತ!" ಎಂದು ಗುರುಸಿದ್ದಪ್ಪ ಹಿಂದೆ ಸರಿದರು. "ಇದಕ್ಕ ಪೆಟ್ರೋಲ್ ಹೆಚ್ಚಾಗೈತ್ರಿ. ಸ್ಕ್ರೂ ಸಡ್ಲ ಮಾಡೂಣು."

"ಅಲ್ಲ ಸ್ವಾಮಿ, ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿ ಆಗಿದೆ. ಬಿಗಿ ಮಾಡ್ಬೇಕು," ಎಂದರು ರಾಮಕೃಷ್ಣ.

"ಸಡ್ಲ!"

"ಬಿಗಿ ಅಂತೀನಲ್ಲ! ನಿಮ್ಮ ಸ್ಟೋರ್ಸ್ ಲೆಕ್ಕ ಇಲ್ಲಿ ನಡೆಯಲ್ಲ."

"ನಿಮ್ಮ ನಕ್ಷಾ ನೋಡಿ ಕಟ್ಟಿದ ಶೆಡ್ಡು ಮಳೀಗಾಲದಾಗ ಸೋರಿದ್ದು ನಾವೂ ನೋಡೇವ್ರಿ!"

ಗುರುಸಿದ್ದಪ್ಪ ಸ್ಕ್ರೂ ಒಂದು ಸುತ್ತು ಸಡಿಲಿಸಿದರು. ರಾಮಕೃಷ್ಣ ಒಂದು ಸುತ್ತು ಬಿಗಿ ಮಾಡಿದರು. ಅವರು ಸಡಿಲ, ಇವರು ಬಿಗಿ. ಕೊನೆಗೆ ಸ್ಕ್ರೂ ಖಾಜಾ ಬಿಟ್ಟುಹೋದ ಜಾಗಕ್ಕೇ ಬಂದು ಕೂತಿತ್ತು. ಅಧ್ಯಕ್ಷರು ಇಬ್ಬರ ವಾದವನ್ನೂ ಸಮನ್ವಯಗೊಳಿಸುತ್ತ ಮಾತಾಡುತ್ತಲೇ ಇದ್ದರು. ಎಂಜಿನ್ ಏಳುತ್ತ ಬೀಳುತ್ತಲೇ ಇತ್ತು. ಬಿಸಿಲು ಏರುತ್ತಿತ್ತು. ಬುಟ್ಟಿಯ ಅರಿವೆಯ ಮೇಲೆ ಹೋಳಿಗೆಯ ತುಪ್ಪ ನಿಧಾನಕ್ಕೆ ಮೂಡುತ್ತಿತ್ತು.

"ರೀ, ಕೈ ಮುಗೀತೀನಿ, ಒಂದ ಮಾತು ಕೇಳ್ರಿ. ನಿಮ್ಮ..."

"ತಡಿ, ನಾ..."

"ಹಂಗಾರ ನಾ ಬಸ್ಸಿಗೆ ಹೋಗ್ತೀನಿ."

ಅಧ್ಯಕ್ಷರು ಕೆಂಡವಾದರು. "ಬಾಗಲದಾಗ ಕಾರ್ ಇಟಗೊಂಡು ನನ್ನ ಹೆಂಡ್ತಿ ಬಸ್ಸಿನ್ಯಾಗ ಹೋಗೂದಾ? ಇಡೀ ಸಭೆದಾಗ ಮಾತು ಕೊಟ್ಟೀನಿ ನಾ! ಜನ ಏನಂತಾರ?" ಘೂಂ ಘೂಂ ಘೂಂ.

ಗುರುಬಾಯಿ ಅವರ ಮುಖ ನೋಡಲಿಲ್ಲ. ಒಮ್ಮೆ ಕೆಳಗೆ, ಅವರ ಪಾದದ ಕಡೆ ನೋಡಿದಳು. ಆಮೇಲೆ ಬಾಗಿಲು ತೆರೆದು ಇಳಿದಳು. ಬುಟ್ಟಿಯನ್ನು ಸೊಂಟಕ್ಕೇರಿಸಿ, ಚೀಲವನ್ನು ಹೆಗಲಿಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್‌ಸ್ಟಾಪಿನ ಕಡೆ ನಡೆದೇಬಿಟ್ಟಳು. ಏರ್ ಫಿಲ್ಟರಿನ ವಿಷಯದಲ್ಲಿ ಉಪಸಮಿತಿ ನೇಮಿಸುವ ಗೊತ್ತುವಳಿಯಲ್ಲಿ ಮುಳುಗಿದ್ದ ಅಧ್ಯಕ್ಷರಿಗೆ ಅದು ತಿಳಿಯಲೇ ಇಲ್ಲ.

ಬಾನೆಟ್ಟಿನ ಸಂದಿಯಿಂದ ಕಂಡವರು ರಾಮಕೃಷ್ಣ. "ಸ್ವಾಮಿ, ಮನೆಯವರು ಹೋದ್ರಲ್ಲ?"

ಗುರುಸಿದ್ದಪ್ಪ ಹಣೆಗೆ ಕೈಯಿಟ್ಟು ರಸ್ತೆಯ ಕಡೆ ನೋಡಿದರು. "ಅಣ್ಣಾರ, ಇದು ವಾಕೌಟ್ ಐತಿ."

ಅಮರೇಶಪ್ಪನವರು ಹೌಹಾರಿದರು. ಬದುಕಿನಲ್ಲಿ ಎಷ್ಟೋ ಸಭೆಗಳಿಂದ ಎದ್ದು ಹೊರನಡೆದವರು ಅವರು. ಅವರ ಸಭೆಯಿಂದ ಯಾರೂ ಎದ್ದು ಹೋದದ್ದಿಲ್ಲ. ಬಾನೆಟ್ ಧಡಾರನೆ ಇಳಿಸಿ, ಗಾಡಿ ತೆಗೆದು ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಜಹೀರಾಬಾದ್ ಬಸ್ಸು ಧೂಳೆಬ್ಬಿಸಿ ಹೋಗಿಯಾಗಿತ್ತು.

ಬೆನ್ನು ಹತ್ತಿದರು. ಪಟಾನ್‌ಚೆರುವಿನ ಲಾರಿಗಳ ನಡುವೆ ಸಿಕ್ಕಿ ಬಸ್ಸು ಕಣ್ಮರೆಯಾಯಿತು. ಸಂಗಾರೆಡ್ಡಿ ದಾಟಿತು, ಸದಾಶಿವಪೇಟೆ ದಾಟಿತು, ಬಸ್ಸಿಲ್ಲ. ಪಕ್ಕದ ಸೀಟಿನಲ್ಲಿ ಬುರುಗು ಹೊರಬಂದ ಜಾಗ ಮಾತ್ರ. ಯಾರಿಗೆ ಹೇಳುವುದು? ಇಷ್ಟು ದೂರ ಬಾಯಿ ಮುಚ್ಚಿಕೊಂಡು ಪ್ರಯಾಣ ಮಾಡಿದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು.

ಜಹೀರಾಬಾದ್ ಇನ್ನೇನು ಬಂತು ಎನ್ನುವಾಗ ರೈಲ್ವೆ ಗೇಟು ಬಿದ್ದಿತ್ತು. ಗೇರು ತೆಗೆದು ನಿಲ್ಲಿಸಿದರು. ಗೂಡ್ಸ್ ರೈಲು ನಿಧಾನಕ್ಕೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಏನೋ ವಿಚಿತ್ರ ಅನ್ನಿಸಿತು. ಕಿವಿಗೊಟ್ಟರು. ಎಂಜಿನ್ ಗುರ್ ಗುರ್ ಎಂದು ಒಂದೇ ಸಮನೆ ಗುನುಗುತ್ತಿತ್ತು. ಏರಿಲ್ಲ, ಇಳಿತವಿಲ್ಲ. ಎದೆ ಉಬ್ಬಿಬಂತು. ಸಮಿತಿ ಗೆದ್ದಿತು! ಖಾಲಿ ಸೀಟಿನ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದರು:

"ನೋಡಿದೇನು ಗುರುಬಾಯಿ! ಹೋರಾಟಕ್ಕ ಜಯ..."

ಘೂಂ!

ಬಾಯಿ ಮುಚ್ಚಿದರು. ಗುರ್ ಗುರ್.

"ಏನಿದು..." ಘೂಂ.

ಮುಚ್ಚಿದರು. ಗುರ್ ಗುರ್.

ಅಮರೇಶಪ್ಪನವರು ಬಹಳ ಮೆಲ್ಲಗೆ, ಕಳ್ಳನನ್ನು ಹಿಡಿಯುವವರಂತೆ, ಕತ್ತು ಬಗ್ಗಿಸಿ ಕೆಳಗೆ ನೋಡುತ್ತ, "ಆಡಳಿತ ಮಂಡಳಿ," ಎಂದರು. ಬಲಗಾಲಿನ ಚಪ್ಪಲಿ ತನ್ನಷ್ಟಕ್ಕೆ ಎದ್ದು ಎಕ್ಸಲರೇಟರಿನ ಮೇಲೆ ಧಪ್ ಎಂದು ಬಿತ್ತು. ಎಂಜಿನ್ ಘೂಂ ಎಂದಿತು. "ಕಿವಿ ತೆರೆದು," ಧಪ್. ಘೂಂ. "ಕೇಳಬೇಕು." ಧಪ್ ಧಪ್.

ರೈಲು ಹೋಯಿತು. ಗೇಟು ಎದ್ದಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ತೆಲುಗಿನಲ್ಲಿ ಅವರ ಮನೆತನ ವಿಚಾರಿಸತೊಡಗಿದ. ಅಮರೇಶಪ್ಪನವರು ತಮ್ಮ ಪಾದವನ್ನೇ ನೋಡುತ್ತ ಕೂತಿದ್ದರು. "ರೀ, ನಿಮ್ಮ..." ಎನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟಬೇಕಿತ್ತು ಎಂಬುದು ಅವರಿಗೆ ಈಗ ತಿಳಿಯಿತು.

ಸಾವಿತ್ರಿಬಾಯಿಯ ಅಂಗಳದಲ್ಲಿ ಶಾಸ್ತ್ರ ಮುಗಿದಿತ್ತು. ಗುರುಬಾಯಿಯ ಬಸ್ಸು ಬಂದು ತಲುಪಿದ್ದೇ ಹೊತ್ತು ಮೀರಿ. ನೀಲಾ ಅತ್ತು ಕರೆದು ಕಾದಿದ್ದಳು, ಬೀಗರು ಕಾಯಲಿಲ್ಲ. ಮೊದಲ ಉಡಿಯನ್ನು ಅತ್ತೆಯ ಕಡೆಯ ಯಾರೋ ಒಬ್ಬಾಕೆ ತುಂಬಿದ್ದಳು. ಗುರುಬಾಯಿ ತುಂಬಿದ್ದು ಎಲ್ಲರಿಗಿಂತ ಕೊನೆಗೆ. ಈಗ ಮೂಲೆಯಲ್ಲಿ ಕೂತು ನೀಲಾಳ ತಟ್ಟೆಗೆ ಮಾದಲಿ ಬಡಿಸುತ್ತಿದ್ದಳು. ನೀಲಾಳ ಕಣ್ಣು ಇನ್ನೂ ಕೆಂಪಗಿದ್ದವು.

"ಕಾಕಾ, ಇಷ್ಟೊತ್ತಿಗೆ ಬಂದ್ರೆಲಾ," ಎಂದಳು ನೀಲಾ. ಅಷ್ಟೇ.

ತಪ್ಪೊಪ್ಪಿಕೊಳ್ಳಬೇಕೆಂದೇ ಬಂದಿದ್ದ ಅಮರೇಶಪ್ಪನವರು ಗಂಟಲು ಸರಿಮಾಡಿಕೊಂಡರು. "ಬಂಧುಗಳೇ, ಇವತ್ತು ನಡೆದ ಅನ್ಯಾಯಕ್ಕ ಸಂಪೂರ್ಣ ಹೊಣೆ..." ಕಲ್ಲುಹಾಸಿನ ಮೇಲೆ ಧಪ್ ಧಪ್ ಎಂದು ಸದ್ದಾಯಿತು. ಹೆಂಗಸರೆಲ್ಲ ಅವರ ಕಾಲು ನೋಡಿದರು.

ಗುರುಬಾಯಿ ಸೌಟು ಕೆಳಗಿಟ್ಟಳು. "ನಿಮ್ಮ ಕಾಲು," ಎಂದಳು. ಮಾತು ಕೊನೆಗೂ ಪೂರ್ತಿಯಾಯಿತು. "ಕಾರ್ ತಂದ ದಿವಸದಿಂದ ಇದನ್ನ ಹೇಳಾಕತ್ತೀನಿ. ನೀವು ಮಾತಾಡಿದಾಗೊಮ್ಮಿ ಅದರ ಮ್ಯಾಲೆ ತುಳೀತೀರಿ. ಎಂಜಿನ್ ಪಾಪ ಏನ ಮಾಡೀತು?"

ಅಂಗಳವೆಲ್ಲ ನಕ್ಕಿತು. ಬೀಗರು ಊಟದ ಎಲೆ ಬಿಟ್ಟು ನಕ್ಕರು. ನಗದೇ ಇದ್ದವರು ಗುರುಬಾಯಿ ಮತ್ತು ನೀಲಾ ಇಬ್ಬರೇ.

ಅಮರೇಶಪ್ಪನವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು: "ಮತ್ತೇನರ ಹೇಳೂದು ಉಳದೈತೇನು?"

"ಭಾಳ ಉಳದೈತ್ರಿ. ಮದುವ್ಯಾದ ವರ್ಷ ನೀವು ಸಂಘದ ಹುಬ್ಬಳ್ಳಿ ಅಧಿವೇಶನಕ್ಕ ಹೋದ್ರಲ್ಲ, ಆವಾಗಿಂದ ಎಲ್ಲಾ ಅರ್ಧಕ್ಕ ನಿಂತೈತಿ. ಅದರಾಗ ಕೆಲವು ನನಗೂ ಮರ್ತ ಹೋಗ್ಯಾವ."

ಅಮರೇಶಪ್ಪನವರು ಬಲಗಾಲನ್ನು ಮಡಚಿ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತರು.

ಮರುದಿನ ಹೊರಡುವಾಗ ಅಮರೇಶಪ್ಪನವರು ಕಾರು ಒರೆಸಿ, ಬುರುಗಿನ ಮೇಲೆ ಟವೆಲ್ ಹಾಸಿ, ಎಡಗಡೆ ಬಾಗಿಲು ತೆರೆದು ನಿಂತರು. ಗುರುಬಾಯಿ ಅವರ ಮುಂದೆಯೇ ಹಾದು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

"ಯಾಕ? ಗಾಡಿ ಈಗ ಬರಾಬರ್ ಐತಿ! ನಾ ಬಾಯಿ ಬಿಚ್ಚೂದಿಲ್ಲ!"

"ನಾ ಬಸ್ಸಿಗೇ ಬರ್ತೀನ್ರಿ," ಎಂದಳು ಆಕೆ, ಸಿಟ್ಟೇನೂ ಇಲ್ಲದೆ. "ಬಸ್ಸಿನ್ಯಾಗ ಮಾತಾಡಾಕ ಯಾರರ ಸಿಗ್ತಾರ."

ಹಾಗಾಗಿ ಬಸ್ಸು ಮುಂದೆ, ಫಿಯೆಟ್ಟು ಹಿಂದೆ, ಮೆರವಣಿಗೆ ಲಿಂಗಂಪಲ್ಲಿಯ ಕಡೆ ಸಾಗಿತು. ಬಸ್ಸಿನ ಹಿಂದಿನ ಗಾಜಿನಲ್ಲಿ ಗುರುಬಾಯಿ ಕಾಣುತ್ತಿದ್ದಳು. ಪಕ್ಕದಲ್ಲಿ ಯಾರೋ ಗುರುತಿಲ್ಲದ ಹೆಂಗಸು. ಗುರುಬಾಯಿ ಕೈ ಆಡಿಸಿ ಏನೋ ಹೇಳುತ್ತಿದ್ದಳು, ಆ ಹೆಂಗಸು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು, ಆಮೇಲೆ ಇಬ್ಬರೂ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು. ತಮ್ಮ ಹೆಂಡತಿ ಹಾಗೆ ನಗುವುದನ್ನು ಅಮರೇಶಪ್ಪನವರು ನೋಡಿರಲಿಲ್ಲ. ನೋಡಲು ಪುರಸತ್ತೇ ಇರಲಿಲ್ಲ, ಯಾವಾಗಲೂ ಮಾತಾಡುತ್ತಿದ್ದರಲ್ಲ. ಬಸ್ಸು ನಿಂತಲ್ಲೆಲ್ಲ ಕಾರೂ ನಿಂತಿತು. ಗಾಜಿನ ಆಚೆಯ ಒಂದೇ ಒಂದು ಮಾತೂ ಅವರ ಕಿವಿಗೆ ಬೀಳಲಿಲ್ಲ. ಎಂಜಿನ್ ಮಾತ್ರ ಒಂದು ಚೂರೂ ಏರುಪೇರಿಲ್ಲದೆ ಗುನುಗುತ್ತಿತ್ತು.

ಆ ಸವಾರಿ ಇನ್ನೂ ಬಾಕಿಯೇ ಇದೆ. ಅಮರೇಶಪ್ಪನವರು ದಿನವೂ ಕಾರು ಒರೆಸುತ್ತಾರೆ. ಗುರುಬಾಯಿ ಬುಟ್ಟಿ ಹಿಡಿದು ಬಸ್‌ಸ್ಟಾಪಿಗೆ ನಡೆಯುತ್ತಾಳೆ.

ನಕ್ಕಿರಾ? ನಗಿ. ಆದರೆ ಬಿಟ್ಟಿ ನಗಲು ನಾವು ಬಿಡುವವರಲ್ಲ, ನಿಮ್ಮ ಮುಂದೆ ನಮ್ಮದೊಂದು ಬೇಡಿಕೆಯಿದೆ. ಈ ಪುಸ್ತಕ ಮಡಚಿ ಕೆಳಗಿಡಿ. ನೀವು ಓದುತ್ತಿದ್ದಾಗ ಒಳಗಿನಿಂದ ಯಾರೋ "ರೀ" ಎಂದದ್ದಕ್ಕೆ ನೀವು "ತಡಿ" ಎಂದಿರಲ್ಲ, ಅಲ್ಲಿಗೆ ಹೋಗಿ. ಎರಡೂ ಕಾಲು ಮಡಚಿ ನೆಲಕ್ಕೆ ಕೂತು, "ಏನು ಹೇಳುತ್ತಿದ್ದೆ?" ಎಂದು ಕೇಳಿ. ಆಕೆ ಮುಗಿಸುವ ತನಕ ಏಳಬೇಡಿ. ಸಮಿತಿ ಬೇಡ, ಗಡುವು ವಿಸ್ತರಣೆಯೂ ಇಲ್ಲ. ಏಳಿ!